ಒಂದು ಗುಹೆಗೆ ಐದು ಚೀಟಿ

ಉಡುಪಿಯಿಂದ ಅಕ್ಕ, ಭಾವ ಮುಂಬೈಗೆ ಬಂದರೆ ನಮ್ಮ ಮನೆಯಲ್ಲಿ ಒಂದು ಕ್ರಮ ಇದೆ. ಒಂದು ದಿನ ಸಿದ್ಧಿವಿನಾಯಕ, ಮಹಾಲಕ್ಷ್ಮಿ. ಒಂದು ದಿನ ದಾದರ್‌ನಲ್ಲಿ ಸೀರೆ, ಮಾಟುಂಗದಲ್ಲಿ ಊಟ. ಮತ್ತೊಂದು ದಿನ ಎಲಿಫೆಂಟಾ. ಸೋಮವಾರ ಬಿಟ್ಟು, ಯಾಕಂದ್ರೆ ಅವತ್ತು ಗುಹೆಗಳಿಗೆ ರಜೆ.

ಈ ಸಲ ಭಾವ ಚೀಟಿ ಎಣಿಸಿದರು. ಸಹಕಾರಿ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ 30 ವರ್ಷ ಕೂತವರು ಅವರು. ಕೈಗೆ ಬಂದ ರಸೀದಿಯನ್ನು ಸುಮ್ನೆ ಬಿಸಾಡುವುದಿಲ್ಲ. ಗೇಟ್‌ವೇ ಆಫ್ ಇಂಡಿಯಾದಲ್ಲಿ ಬೋಟಿನ ಟಿಕೆಟ್. ಮೇಲಿನ ಡೆಕ್ಕಿನಲ್ಲಿ ಗಾಳಿ ಚೆನ್ನಾಗಿರುತ್ತದೆ ಎಂದು ಹತ್ತಿದ್ದಕ್ಕೆ ಇನ್ನೊಂದು. ಒಂದು ಗಂಟೆ ಬಿಟ್ಟು ದ್ವೀಪದಲ್ಲಿ ಇಳಿದರೆ ಜೆಟ್ಟಿಯಿಂದ ಪುಟಾಣಿ ರೈಲು, ಅದಕ್ಕೊಂದು. ಮೆಟ್ಟಿಲು ಶುರುವಾಗುವ ಮೊದಲು ಗ್ರಾಮ ಪಂಚಾಯಿತಿಯ ಕೌಂಟರ್, ಅಲ್ಲೊಂದು. ಸುಮಾರು 120 ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಲೆ ಬಂದರೆ ಪುರಾತತ್ವ ಇಲಾಖೆಯ ಟಿಕೆಟ್ ಕಿಟಕಿ.

"ಎಂತ ಮಾರಾಯ," ಎಂದರು ಭಾವ, ಕಿಸೆಯಿಂದ ಒಂದೊಂದೇ ತೆಗೆದು ತೋರಿಸುತ್ತಾ. "ಒಬ್ಬ ಶಿವನನ್ನು ನೋಡ್ಲಿಕ್ಕೆ ಐದು ಚೀಟಿಯಾ? ಇದೆಲ್ಲ ಹೋಗುವುದು ಎಲ್ಲಿಗೆ?"

ನಾವೆಲ್ಲ "ಎಷ್ಟು?" ಎಂದು ಕೇಳುತ್ತೇವೆ. ಬ್ಯಾಂಕಿನವರು "ಎಲ್ಲಿಗೆ?" ಎಂದು ಕೇಳುತ್ತಾರೆ. ಹಳೆಯ ಊರು, ಹಳೆಯ ಗುಡಿ, ಹಳೆಯ ಮನೆ ನೋಡಲು ದುಡ್ಡು ತೆಗೆದುಕೊಳ್ಳುವುದು ಸರಿಯಾ ತಪ್ಪಾ ಎಂಬ ಜಗಳ ಅರ್ಥವಾಗಬೇಕಾದರೆ ಭಾವ ಹಿಡಿದ ದಾರಿಯಲ್ಲೇ ಹೋಗಬೇಕು.

ಮೊದಲ ಮೂರು ಚೀಟಿಗಳನ್ನು ಬೇಗ ಮುಗಿಸಬಹುದು. ಬೋಟಿನವರು ಕರೆದುಕೊಂಡು ಹೋದರು, ದುಡ್ಡು ತೆಗೆದುಕೊಂಡರು. ಮೇಲಿನ ಡೆಕ್ ಬೇಡ ಎಂದರೆ ಕೆಳಗೆ ಕೂರಬಹುದಿತ್ತು. ರೈಲು ಬೇಡ ಎಂದರೆ ನಡೆಯಬಹುದಿತ್ತು. ಇದು ಬೆಲೆ, ಹೋಟೆಲಿನಲ್ಲಿ ಮಸಾಲೆ ದೋಸೆಗೆ ಕೊಟ್ಟ ಹಾಗೆ. ಗೋಜಲು ಇರುವುದು ಉಳಿದ ಎರಡರಲ್ಲಿ.

ಐದನೆಯದನ್ನು ಮೊದಲು ನೋಡೋಣ. ಎಲಿಫೆಂಟಾದ ಗುಹೆಗಳು 1987ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ನೋಡಿಕೊಳ್ಳುವುದು ಕೇಂದ್ರದ ಪುರಾತತ್ವ ಇಲಾಖೆ. 1958ರ ಸ್ಮಾರಕ ಕಾಯ್ದೆ ಅದಕ್ಕೆ ಆ ಅಧಿಕಾರ ಕೊಟ್ಟಿದೆ. ವಿಶ್ವ ಪರಂಪರೆಯ ಜಾಗಗಳು ಮೇಲಿನ ದರ್ಜೆ. ಅಲ್ಲಿ ನಗದು ಕೊಟ್ಟರೆ 40 ರೂಪಾಯಿ, ಆನ್‌ಲೈನ್‌ನಲ್ಲಿ ಕೊಟ್ಟರೆ 35. ಪುಣೆಯ ಶನಿವಾರವಾಡೆ, ಲೋಣಾವಳದ ಹತ್ತಿರದ ಕಾರ್ಲಾ ಇಂಥವು ಎರಡನೆಯ ದರ್ಜೆ. ಅಲ್ಲಿ 25, ಆನ್‌ಲೈನ್‌ನಲ್ಲಿ 20. ಇವು 2018ರಲ್ಲಿ ನಿಗದಿಯಾದ ದರಗಳು. 2016ಕ್ಕಿಂತ ಮೊದಲು 10 ಮತ್ತು 5 ರೂಪಾಯಿ ಇತ್ತು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಂದರೆ ಭಾವನ ಐದು ಚೀಟಿಗಳಲ್ಲಿ ಗುಹೆಯ ಚೀಟಿ ಜಾಸ್ತಿ ದುಬಾರಿಯದ್ದೇನಲ್ಲ. ಬೋಟಿನ ಮುಂದೆ ಅದು ಚಿಲ್ಲರೆ.

ಆ 40 ರೂಪಾಯಿ ಎಲಿಫೆಂಟಾದಲ್ಲಿ ಉಳಿಯುತ್ತದಾ? ಇಲ್ಲ. ಬಿರುಕು ಬಿಟ್ಟ ಕಂಬಕ್ಕೋ ಸೋರುವ ಚಾವಣಿಗೋ ನೇರವಾಗಿ ಹೋಗುವುದಿಲ್ಲ. ಕೇಂದ್ರ ಸರ್ಕಾರದ ಸಂಚಿತ ನಿಧಿ ಸೇರುತ್ತದೆ. ಆದಾಯ ತೆರಿಗೆ, ಕಸ್ಟಮ್ಸ್ ಸುಂಕ ಎಲ್ಲ ಬಂದು ಬೀಳುವ ದೊಡ್ಡ ಹುಂಡಿ ಅದು. ಅದರಿಂದ ಇಲಾಖೆಗೆ ಎಷ್ಟು ಕೊಡಬೇಕೆಂದು ಬಜೆಟ್ಟಿನಲ್ಲಿ ತೀರ್ಮಾನವಾಗುತ್ತದೆ. ಇಲಾಖೆ ಅದನ್ನು ತನ್ನ ಲೆಕ್ಕದಲ್ಲಿ ಹಂಚುತ್ತದೆ. ಅಂದರೆ ಈ ವರ್ಷ ಎಲಿಫೆಂಟಾಕ್ಕೆ ಎರಡು ಪಟ್ಟು ಜನ ಬಂದರೂ ಅದರ ರಿಪೇರಿಗೆ ಎರಡು ಪಟ್ಟು ದುಡ್ಡು ಬರುತ್ತದೆ ಎಂದೇನಿಲ್ಲ.

ಇದನ್ನು ಕೇಳಿದ ಕೂಡಲೇ ಮೋಸ ಎನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಇನ್ನೊಂದು ಮಗ್ಗುಲು ನೋಡಿ. ಈ ಇಲಾಖೆಯ ಕೈಯಲ್ಲಿರುವ ಸ್ಮಾರಕಗಳು ದೇಶದಲ್ಲಿ 3,600ಕ್ಕೂ ಹೆಚ್ಚು. ಟಿಕೆಟ್ ಇರುವುದು ಅದರಲ್ಲಿ 140ರ ಆಸುಪಾಸು ಮಾತ್ರ. ಹಳೆ ಗೋವಾದ ಬೊಮ್ ಜೆಸಸ್ ಬೆಸಿಲಿಕಾಕ್ಕೆ ಹೋಗಿ ಬನ್ನಿ, ಯಾರೂ ಒಂದು ಪೈಸೆ ಕೇಳುವುದಿಲ್ಲ. ಅದೂ 1986ರಿಂದ ವಿಶ್ವ ಪರಂಪರೆಯದೇ, ಅದೇ ಇಲಾಖೆಯದೇ. ನಮ್ಮ ಬೇಲೂರು ಹಾಗೆಯೇ. 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಅದೂ ಪಟ್ಟಿ ಸೇರಿತು. ಸೋಮನಾಥಪುರದಲ್ಲಿ ಟಿಕೆಟ್ ಇದೆ, ಬೇಲೂರಿನಲ್ಲಿ ಇಲ್ಲ. ಒಂದೊಂದು ಸ್ಮಾರಕವೂ ತಾನು ದುಡಿದದ್ದನ್ನೇ ತಿನ್ನಬೇಕು ಎಂದರೆ ತಾಜ್‌ಮಹಲಿಗೆ ಹಬ್ಬ. ಎಲ್ಲೋ ಹೊಲದ ಬದುವಿನಲ್ಲಿರುವ ಬಸದಿಗೆ, ಶಾಸನದ ಕಲ್ಲಿಗೆ ಉಪವಾಸ. ಕೂಡುಕುಟುಂಬದಲ್ಲಿ ಮುಂಬೈಯಲ್ಲಿ ದುಡಿಯುವ ಅಣ್ಣ ಊರಿಗೆ ಕಳಿಸುವ ಮನಿಯಾರ್ಡರಿನ ಹಾಗೆ ಇದು. ಅಣ್ಣನಿಗೆ ಬೇಜಾರಾಗುವುದು ಸಹಜ. ಮನೆ ನಿಂತಿರುವುದೂ ಅದರಿಂದಲೇ.

ಬೇಲೂರು, ಬೊಮ್ ಜೆಸಸ್‌ಗೆ ಯಾಕೆ ಟಿಕೆಟ್ ಇಲ್ಲ? ಅಲ್ಲಿ ಈಗಲೂ ಪೂಜೆ, ಪ್ರಾರ್ಥನೆ ನಡೆಯುತ್ತದೆ. ಬಾಗಿಲಲ್ಲಿ ನಿಂತವರಲ್ಲಿ ಯಾರು ಭಕ್ತ, ಯಾರು ಪ್ರವಾಸಿ ಎಂದು ಬೇರೆ ಮಾಡುವುದು ಹೇಗೆ? ಕಾರ್ಲಾಕ್ಕೆ ಹೋದವರಿಗೆ ಇದು ಗೊತ್ತಿರುತ್ತದೆ. ಒಂದೇ ಬೆಟ್ಟ. ಗುಹೆಯ ಬಾಗಿಲಿನ ಪಕ್ಕದಲ್ಲೇ ಏಕವೀರಾ ದೇವಿ, ಮುಂಬೈಯ ಕೋಳಿ ಜನರ ಮನೆದೇವರು. ಅಮ್ಮನಿಗೆ ಟಿಕೆಟ್ ಇಲ್ಲ, ಬೌದ್ಧರ ಚೈತ್ಯಕ್ಕೆ ಇದೆ. ಕೈಮುಗಿದವರಿಗೆ ಬಿಟ್ಟಿ, ಕಣ್ಣರಳಿಸಿದವರಿಗೆ 25.

ಇಲ್ಲಿ ಭಾವನಿಗೆ ನಾನು ಒಂದು ಕಥೆ ಹೇಳಿದೆ. ಅವರದೇ ಊರಿನ ಕಥೆ, ಅವರಿಗೇ ಗೊತ್ತಿರಲಿಲ್ಲ. "ಫೀಸು ಅಂದ್ರೆ ಏನು, ತೆರಿಗೆ ಅಂದ್ರೆ ಏನು?" ಎಂದು ಭಾರತದ ಯಾವ ವಕೀಲರನ್ನು ಕೇಳಿದರೂ ಅವರು ಮೊದಲು ಹೇಳುವ ಹೆಸರು ಶಿರೂರು ಮಠ. ಉಡುಪಿ ಅಷ್ಟಮಠಗಳಲ್ಲಿ ಒಂದಾದ ಅದೇ ಶಿರೂರು. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. 1951ರಲ್ಲಿ ಮದ್ರಾಸ್ ಸರ್ಕಾರ ಒಂದು ಕಾಯ್ದೆ ತಂದಿತು. ಮಠ, ದೇವಸ್ಥಾನಗಳು ವರಮಾನದಲ್ಲಿ ಶೇ. 5ರವರೆಗೆ ಸರ್ಕಾರಕ್ಕೆ ಕಟ್ಟಬೇಕು, ನಾವು ಮಾಡುವ ಮೇಲ್ವಿಚಾರಣೆಗೆ ಅದು ಫೀಸು ಎಂದಿತು. ಮಠದ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಒಪ್ಪಲಿಲ್ಲ. ಕೇಸು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1954ರಲ್ಲಿ ತೀರ್ಪು ಬಂತು. ಈ ಹಣ ನೇರ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ಇಂಥದ್ದಕ್ಕೇ ಎಂದು ಎತ್ತಿಟ್ಟಿಲ್ಲ, ಕಟ್ಟಿದವರಿಗೆ ಸಿಗುವ ಸೇವೆಗೂ ಕಟ್ಟಿದ ಮೊತ್ತಕ್ಕೂ ಸಂಬಂಧ ಕಾಣುವುದಿಲ್ಲ. ಹಾಗಾಗಿ ಇದು ಫೀಸಲ್ಲ, ತೆರಿಗೆ. ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ಕೋರ್ಟು ಅದನ್ನು ಹೊಡೆದು ಹಾಕಿತು.

ಮುಂದಿನ ತೀರ್ಪುಗಳು ಈ ಕಟ್ಟನ್ನು ಸ್ವಲ್ಪ ಸಡಿಲ ಮಾಡಿದವು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಪೈಸೆ ಪೈಸೆ ಲೆಕ್ಕ ಹೊಂದಬೇಕಿಲ್ಲ, ಒಟ್ಟಾರೆ ಒಂದು ಸಂಬಂಧ ಇದ್ದರೆ ಸಾಕು ಎಂದವು. ಆದರೂ ಶಿರೂರಿನ ತಕ್ಕಡಿ ಈಗಲೂ ಕೈಗೆ ಬರುತ್ತದೆ. ಯಾವ ಊರಿನ ಬಾಗಿಲಲ್ಲಿ ಯಾರು ಕೈ ಚಾಚಿದರೂ ಕೇಳಬಹುದು: ಇದು ಯಾವ ಕೆಲಸಕ್ಕೆ, ದುಡ್ಡು ಬೇರೆ ಇಟ್ಟಿದ್ದೀರಾ?

ಭಾವನ ನಾಲ್ಕನೆಯ ಚೀಟಿಯನ್ನು, ಪಂಚಾಯಿತಿಯದ್ದನ್ನು, ಈ ತಕ್ಕಡಿಗೆ ಹಾಕೋಣ. ಎಲಿಫೆಂಟಾ ಎಂಬ ಹೆಸರು ಪೋರ್ಚುಗೀಸರು ಇಟ್ಟದ್ದು. ಊರಿನ ಹೆಸರು ಘಾರಾಪುರಿ. ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಒಂದು ಮಾತು ಹೇಳುತ್ತಾನೆ: ಪಡುಗಡಲಿನ ಲಕ್ಷ್ಮಿಯಂತಿದ್ದ ಪುರಿಯನ್ನು ಇಮ್ಮಡಿ ಪುಲಿಕೇಶಿ ಹಡಗುಗಳಿಂದ ಮುತ್ತಿದ. ಆ ಪುರಿ ಇದೇ ಎನ್ನುವವರಿದ್ದಾರೆ. ಅವನು ಚೀಟಿ ತೆಗೆದಿರಲಿಕ್ಕಿಲ್ಲ ಬಿಡಿ. ಇವತ್ತು ಈ ದ್ವೀಪದಲ್ಲಿ ಮೂರು ಪುಟ್ಟ ಊರುಗಳಿವೆ: ಶೇತ್‌ಬಂದರ್, ಮೋರಾಬಂದರ್, ರಾಜಬಂದರ್. ಗೇಟ್‌ವೇಯಿಂದ ಒಂದು ಗಂಟೆಯ ದೂರ. ಆದರೂ ಸಮುದ್ರದಡಿ ಕೇಬಲ್ ಎಳೆದು ಈ ಊರುಗಳಿಗೆ ಕರೆಂಟು ಕೊಟ್ಟದ್ದು 2018ರಲ್ಲಿ. ಹಗಲಿಡೀ ಜನ ಬರುತ್ತಾರೆ, ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ ಬಿಟ್ಟು ಸಂಜೆಯ ಬೋಟಿಗೆ ಹೋಗುತ್ತಾರೆ. ಕಸ ಊರಿನವರಿಗೆ ಉಳಿಯುತ್ತದೆ. ಗುಹೆಯ 40 ರೂಪಾಯಿ ದೆಹಲಿಗೆ ಹೋಗುತ್ತದೆ. ಊರಿನ ಹೆಸರಿನಲ್ಲಿ ಉಳಿಯುವುದು ಈ ಚಿಲ್ಲರೆ ಮಾತ್ರ. ನನ್ನನ್ನು ಕೇಳಿದರೆ ಐದರಲ್ಲಿ ಅತ್ಯಂತ ನ್ಯಾಯದ ಚೀಟಿ ಇದೇ. ವಿಚಿತ್ರ ಏನಂದರೆ, ಜನ ಜಾಸ್ತಿ ಗೊಣಗುವುದೂ ಇಲ್ಲೇ.

ಪಂಚಾಯಿತಿಗೆ ಇದನ್ನು ತೆಗೆದುಕೊಳ್ಳುವ ಹಕ್ಕು ಎಲ್ಲಿಂದ ಬಂತು? ಸಂವಿಧಾನದ 265ನೇ ವಿಧಿ ಪ್ರಕಾರ ಕಾನೂನಿನ ಆಧಾರ ಇಲ್ಲದೆ ಯಾರೂ ತೆರಿಗೆ ಎತ್ತುವಂತಿಲ್ಲ. 243-ಎಚ್ ವಿಧಿ ಪ್ರಕಾರ ರಾಜ್ಯದ ಶಾಸನಸಭೆ ಕಾನೂನು ಮಾಡಿ ಪಂಚಾಯಿತಿಗಳಿಗೆ ತೆರಿಗೆ, ಫೀಸು ಹಾಕುವ ಅಧಿಕಾರ ಕೊಡಬಹುದು. ಮಹಾರಾಷ್ಟ್ರದ ಪಂಚಾಯಿತಿ ಕಾಯ್ದೆಯ ಪಟ್ಟಿಯಲ್ಲಿ ಯಾತ್ರಿಕರ ಮೇಲಿನ ಕರವೂ ಇದೆ. ಮಾಥೇರಾನ್ ಗಿರಿಧಾಮದಲ್ಲಿ ದಸ್ತೂರಿ ನಾಕಾದ ಹತ್ತಿರ ನಗರ ಪರಿಷತ್ತಿನವರು ತಲೆಗಿಷ್ಟು ಎಂದು ತೆಗೆದುಕೊಳ್ಳುತ್ತಾರಲ್ಲ, ಅದೂ ಇದೇ ಬಳಗದ್ದು. ಆಗ್ರಾದವರು ಇನ್ನೂ ಜಾಣರು. ತಾಜ್‌ಮಹಲಿನ 50 ರೂಪಾಯಿ ಟಿಕೆಟ್ಟಿನಲ್ಲಿ 40 ಪುರಾತತ್ವ ಇಲಾಖೆಗೆ, 10 ಆಗ್ರಾ ಅಭಿವೃದ್ಧಿ ಪ್ರಾಧಿಕಾರಕ್ಕೆ. ಒಂದೇ ಚೀಟಿಯಲ್ಲಿ ಇಬ್ಬರ ಪಾಲು. ಘಾರಾಪುರಿಯಲ್ಲೂ ಹೀಗೇ ಮಾಡಿದ್ದರೆ ಭಾವನ ಕಿಸೆ ಸ್ವಲ್ಪ ಹಗುರವಾಗುತ್ತಿತ್ತು.

ಹೊರದೇಶದವರ ದರದ ಬಗ್ಗೆಯೂ ಹೇಳಬೇಕು, ಯಾಕಂದರೆ ಆ ಬೋರ್ಡಿನ ಮುಂದೆ ನಿಂತು ಎಲ್ಲರೂ ಒಮ್ಮೆ ನಗುತ್ತಾರೆ. ನಮಗೆ 40 ಇದ್ದಲ್ಲಿ ಅವರಿಗೆ 600. ನಮಗೆ 25 ಇದ್ದಲ್ಲಿ ಅವರಿಗೆ 300. ನೇಪಾಳ, ಶ್ರೀಲಂಕಾ, ಥಾಯ್ಲೆಂಡಿನಂಥ ನೆರೆಯ ಕೂಟದ ದೇಶಗಳವರಿಗೆ ನಮ್ಮದೇ ದರ. ಇದನ್ನು ಭೇದಭಾವ ಎನ್ನುವವರಿದ್ದಾರೆ. ಆದರೆ ಈ ಗುಹೆಗಳಿಗೆ ನಾವು ವರ್ಷವಿಡೀ ತೆರಿಗೆಯ ರೂಪದಲ್ಲಿ ಕೊಡುತ್ತಲೇ ಇದ್ದೇವೆ. 40 ರೂಪಾಯಿ ಅದರ ಮೇಲಿನ ಬಾಲ. ಹೊರಗಿನವರು ಒಮ್ಮೆಗೇ ಕೊಡುತ್ತಾರೆ, ಅಷ್ಟೇ. ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗನಿಗೆ ಅಮೆರಿಕದ ಪಾಸ್‌ಪೋರ್ಟ್. ಸಾಗರೋತ್ತರ ಭಾರತೀಯರ ಓಸಿಐ ಕಾರ್ಡ್ ತೋರಿಸಿದರೆ ಅವನಿಗೂ ನಮ್ಮದೇ ದರ. 2021ರ ಅಧಿಸೂಚನೆಯಲ್ಲಿ ಹಾಗಿದೆ. ಕಾರ್ಡನ್ನು ಮನೆಯಲ್ಲಿ ಬಿಟ್ಟು ಬಂದರೆ 600.

ಇಷ್ಟೂ ಬೇಲಿ ಇರುವ ಸ್ಮಾರಕದ ಮಾತು. ಜನ ವಾಸ ಇರುವ ಊರೇ ಸ್ಮಾರಕವಾದರೆ?

ಮುಂಬೈಯಲ್ಲಿ ಅಂಥದ್ದು ಗಿರ್‌ಗಾಂವ್‌ನ ಖೋತಾಚಿ ವಾಡಿ. ಚರ್ನಿ ರೋಡಿನಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಸಿಗುತ್ತದೆ. ಮರದ ಬಾಲ್ಕನಿ, ಹೊರಗಿನ ಮೆಟ್ಟಿಲು, ಬಣ್ಣದ ಗೋಡೆ. ಈಸ್ಟ್ ಇಂಡಿಯನ್ ಎಂದು ಕರೆಸಿಕೊಳ್ಳುವ ಮುಂಬೈಯ ಮೂಲ ಕ್ರೈಸ್ತರ ಹಳೆಯ ಮನೆಗಳು. ಶನಿವಾರ, ಭಾನುವಾರ ಕ್ಯಾಮೆರಾ ಹಿಡಿದವರ ಜಾತ್ರೆ. ಯಾರದೋ ಜಗಲಿಯಲ್ಲಿ ಕೂತು ಫೋಟೋ, ಯಾರದೋ ಕಿಟಕಿಯಲ್ಲಿ ಇಣುಕು. ಇಲ್ಲಿ ಟಿಕೆಟ್ ಇಡಬಹುದಾ? ಗಲ್ಲಿ ಸಾರ್ವಜನಿಕ. ಹಾಲಿನವನು, ಟ್ಯೂಷನ್ನಿಗೆ ಹೋಗುವ ಹುಡುಗಿ, ಆಚೆ ಬೀದಿಗೆ ದಾಟುವವರು ಎಲ್ಲ ಅದರಲ್ಲೇ ಓಡಾಡುತ್ತಾರೆ. ಇವರಲ್ಲಿ ಪ್ರವಾಸಿ ಯಾರು ಎಂದು ತಡೆದು ಕೇಳುವ ಹಕ್ಕು ಯಾರಿಗೂ ಇಲ್ಲ.

ಗೋವಾದಲ್ಲಿ ಇದೇ ತೊಂದರೆ ಇನ್ನೂ ಜೋರು. ವಾಸ್ಕೋದಲ್ಲಿರುವ ಅಕ್ಕನ ಮಗಳು ಪಣಜಿಯ ಫೊಂಟೆನ್ಹಾಸ್‌ಗೆ ನಮ್ಮನ್ನು ಕರೆದುಕೊಂಡು ಹೋಗಿದ್ದಳು. ಹಳದಿ, ನೀಲಿ, ಕೆಂಪು ಮನೆಗಳು. ಕೆಲವು ಬಾಗಿಲ ಮೇಲೆ ಫೋಟೋ ತೆಗೆಯಬೇಡಿ ಎಂಬ ಬೋರ್ಡು. ಆ ಬೋರ್ಡಿನ ಕೆಳಗೇ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು ಜನ. ಪರ್ರಾ ಎಂಬ ಹಳ್ಳಿಯಲ್ಲಿ ಎರಡೂ ಬದಿ ತೆಂಗಿನ ಮರಗಳಿರುವ ಒಂದು ರಸ್ತೆ ಇದೆ, ಇನ್‌ಸ್ಟಾಗ್ರಾಮ್‌ನಲ್ಲಿ ನೀವೂ ನೋಡಿರುತ್ತೀರಿ. 2020ರಲ್ಲಿ ಅಲ್ಲಿನ ಪಂಚಾಯಿತಿ ಸ್ವಚ್ಛತೆಯ ಹೆಸರಿನಲ್ಲಿ ಫೋಟೋ, ವಿಡಿಯೋಗೆ ದುಡ್ಡು ಕೇಳಲು ಶುರು ಮಾಡಿತು. ಗದ್ದಲ ಆಯಿತು, ಕೈಬಿಟ್ಟರು. ಪಂಚಾಯಿತಿಯ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಾರ್ವಜನಿಕ ರಸ್ತೆಯಲ್ಲಿ ನೋಟಕ್ಕೆ ಬೆಲೆ ಕಟ್ಟಲು ಹೋದರೆ ನಿಲ್ಲುವುದು ಕಷ್ಟ. ಅದೇ ದುಡ್ಡನ್ನು ಪಾರ್ಕಿಂಗಿಗೆ, ಶೌಚಾಲಯಕ್ಕೆ ಕೇಳಿದ್ದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಶಿರೂರು ಮಠದ ತಕ್ಕಡಿ ಅದನ್ನೇ ಅಲ್ವಾ ಹೇಳುವುದು?

ಮನೆಯೊಳಗೆ ಬಿಡುವುದಾದರೆ ಮಾತು ಬೇರೆ. ದಕ್ಷಿಣ ಗೋವಾದ ಚಾಂದೋರಿನಲ್ಲಿ ಬ್ರಗಾಂಜಾ ಮನೆ ಇದೆ. ಒಂದೇ ಉದ್ದನೆಯ ಮನೆ, ಎರಡು ಭಾಗ, ಎರಡು ಕವಲಿನವರದ್ದು. ಒಳಗೆ ನೃತ್ಯದ ಹಾಲ್, ಪುಸ್ತಕದ ಕೋಣೆ, ಪಿಂಗಾಣಿ. ನೋಡಿದವರು ಪ್ರತಿ ಭಾಗಕ್ಕೂ ಬೇರೆ ಬೇರೆ ಕೊಡಬೇಕು. ಅಂಥ ಮನೆಯ ಹೆಂಚನ್ನು ಒಂದು ಮಳೆಗಾಲ ದಾಟಿಸುವುದಕ್ಕೆ ಎಷ್ಟು ಬೇಕೆಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಹತ್ತಿರದ ಲೌಟೊಲಿಮ್‌ನಲ್ಲಿ ಹಳೆಯ ಗೋವಾದ ಹಳ್ಳಿಯನ್ನೇ ಮಾದರಿಯಾಗಿ ಕಟ್ಟಿ ಟಿಕೆಟ್ ಇಟ್ಟಿದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಭಾವನಿಗೆ ಗೊತ್ತಿರುವುದೇ. ಬೀಳುತ್ತಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ. ಇಂಥಲ್ಲಿ ಟಿಕೆಟ್ಟಿಗೆ ಯಾರೂ ತಕರಾರು ಮಾಡುವುದಿಲ್ಲ. ಅಲ್ಲಿ ಬಟ್ಟೆ ಒಣಹಾಕುವವರಿಲ್ಲ, ಅಕ್ಕಪಕ್ಕದವರಿಲ್ಲ.

ಇಡೀ ಊರಿಗೆ ಟಿಕೆಟ್ ಇಟ್ಟು ನೋಡಿದವರೂ ಇದ್ದಾರೆ. ಇಟಲಿಯಲ್ಲಿ ಚಿವಿತಾ ದಿ ಬಾನ್ಯೊರೆಜಿಯೊ ಎಂಬ ಹಳ್ಳಿ ಇದೆ. ಸುತ್ತ ಕುಸಿಯುತ್ತಿರುವ ಗುಡ್ಡದ ತಲೆಯ ಮೇಲೆ ಕೂತ ಊರು, ಒಳಗೆ ವಾಸ ಇರುವವರು ಬೆರಳೆಣಿಕೆಯಷ್ಟು ಜನ. ಹೋಗಲು ಒಂದೇ ಕಾಲುಸೇತುವೆ. 2013ರಲ್ಲಿ ಆ ಸೇತುವೆಗೆ ಒಂದೂವರೆ ಯೂರೋ ಟಿಕೆಟ್ ಇಟ್ಟರು, ಆಮೇಲೆ 5 ಯೂರೋ ಮಾಡಿದರು. ಜನ ಕಡಿಮೆ ಆಗುತ್ತಾರೆ ಎಂದುಕೊಂಡರೆ ಬರುವವರ ಸಂಖ್ಯೆ ಹಲವು ಪಟ್ಟು ಏರಿತು. ಟಿಕೆಟ್ ಇದೆ ಎಂದ ಮೇಲೆ ಏನೋ ಇರಬೇಕು ಎಂದು ಬಂದರೋ ಏನೋ. ಆ ದುಡ್ಡಿನಿಂದ ಊರಿನವರ ಸ್ಥಳೀಯ ತೆರಿಗೆಯನ್ನೇ ತೆಗೆದುಹಾಕಿದರು.

ಚೀನಾದ ಫೆಂಗ್‌ಹುವಾಂಗ್‌ನಲ್ಲಿ ಆದದ್ದು ಇದಕ್ಕೆ ಉಲ್ಟಾ. 2013ರ ಏಪ್ರಿಲ್‌ನಲ್ಲಿ ಆ ಹಳೆಯ ಪಟ್ಟಣಕ್ಕೆ ಕಾಲಿಡಬೇಕಾದರೆ 148 ಯುವಾನ್ ಎಂದರು. ಮೊದಲು ಒಳಗಿನ ಕೆಲವು ಜಾಗಗಳಿಗಷ್ಟೇ ಟಿಕೆಟ್ ಇತ್ತು. ಅಂಗಡಿಯವರು, ಲಾಡ್ಜಿನವರು ಬಾಗಿಲು ಹಾಕಿ ಬೀದಿಗಿಳಿದರು. ಟಿಕೆಟ್ ದುಡ್ಡಿನ ಪಾಲು ಸರ್ಕಾರಕ್ಕೂ ಕಂಪನಿಗೂ ಹೋಗುತ್ತಿತ್ತು, ಖಾಲಿ ಕೂತದ್ದು ಇವರ ಅಂಗಡಿ. ಮೂರು ವರ್ಷದ ಮೇಲೆ, 2016ರಲ್ಲಿ, ಅದನ್ನು ನಿಲ್ಲಿಸಿದರು. ವೆನಿಸ್ 2024ರಲ್ಲಿ ಹಗಲಿಗೆ ಬಂದು ಹೋಗುವವರಿಗೆ 5 ಯೂರೋ ಹಾಕಿತು, ಮೊದಲ ವರ್ಷ 29 ದಿನ ಮಾತ್ರ. ರಾತ್ರಿ ಉಳಿಯುವವರು ಕೊಡಬೇಕಿಲ್ಲ, ಅವರು ಹೋಟೆಲಿನಲ್ಲೇ ಪ್ರವಾಸಿ ತೆರಿಗೆ ಕೊಟ್ಟಿರುತ್ತಾರೆ. ದುಡ್ಡು ಬಂತು. ಜನ ಕಡಿಮೆಯಾದರು ಎಂದು ಹೇಳುವಂತಿರಲಿಲ್ಲ. ವಿಮಾನದ ಟಿಕೆಟ್ ತೆಗೆದು ಬಂದವರು ಒಂದು ಕಾಫಿಯ ದುಡ್ಡಿಗೆ ಹಿಂದೆ ತಿರುಗುತ್ತಾರಾ?

ಇವನ್ನೆಲ್ಲ ನೋಡಿದರೆ ಒಂದು ಸಣ್ಣ ವಿಷಯ ಕಣ್ಣಿಗೆ ಬೀಳುತ್ತದೆ, ಅದು ಬಾಗಿಲು. ಚಿವಿತಾಕ್ಕೆ ಒಂದೇ ಸೇತುವೆ. ಘಾರಾಪುರಿಗೆ ಬೋಟು ನಿಲ್ಲುವ ಜೆಟ್ಟಿ. ಮಾಥೇರಾನಿಗೆ ದಸ್ತೂರಿ ನಾಕಾ. ಅಲ್ಲಿ ಇಬ್ಬರನ್ನು ಕೂರಿಸಿದರೆ ವಸೂಲಿ ಆಗುತ್ತದೆ. ಖೋತಾಚಿ ವಾಡಿಗೆ, ಫೊಂಟೆನ್ಹಾಸ್‌ಗೆ ಎಲ್ಲಿಂದ ಬೇಕಾದರೂ ನುಗ್ಗಬಹುದು. ಪ್ರತಿ ಗಲ್ಲಿಗೆ ಒಬ್ಬನನ್ನು ನಿಲ್ಲಿಸಿದರೆ ಬಂದ ದುಡ್ಡು ಅವರ ಸಂಬಳಕ್ಕೇ ಸರಿ. ಹಾಗಾಗಿ ಇಂಥ ಊರುಗಳಿಗೆ ಬಾಗಿಲ ಟಿಕೆಟ್ ಒಗ್ಗುವುದಿಲ್ಲ. ಗೈಡ್ ಜೊತೆ ತಿರುಗಿಸುವವರಿಂದ, ಶೂಟಿಂಗ್ ಮಾಡುವವರಿಂದ, ಗಾಡಿ ನಿಲ್ಲಿಸುವವರಿಂದ ತೆಗೆದುಕೊಳ್ಳುವುದೇ ವಾಸಿ. ಅಂಥವರು ಕಣ್ಣಿಗೆ ಬೀಳುತ್ತಾರೆ, ರಸೀದಿ ಕೊಟ್ಟರೆ ಜಗಳವೂ ಆಡುವುದಿಲ್ಲ.

ಇಂಥ ಸ್ಮಾರಕಕ್ಕೇ ಕೊಡಬೇಕು ಎನ್ನುವವರಿಗೂ ಒಂದು ದಾರಿ ಇದೆ. 1996ರಲ್ಲಿ ಶುರುವಾದ ರಾಷ್ಟ್ರೀಯ ಸಂಸ್ಕೃತಿ ನಿಧಿಗೆ ದೇಣಿಗೆ ಕೊಡುವಾಗ ಇಂಥದ್ದಕ್ಕೇ ಎಂದು ಹೆಸರಿಸಬಹುದು. ಟಿಕೆಟ್ಟಿಗೆ ಇಲ್ಲದ ಆ ಗುಣ ದೇಣಿಗೆಗೆ ಇದೆ. ಭಾವನಿಗೆ ಇದನ್ನು ಹೇಳಿದಾಗ, "ಮೊದಲು ಬೋಟಿನ ಲೆಕ್ಕ ಮುಗಿಯಲಿ" ಎಂದರು.

ರಾತ್ರಿ ಊಟದ ಮೇಜಿನ ಮೇಲೆ ಐದೂ ಚೀಟಿಗಳನ್ನು ಸಾಲಾಗಿ ಇಟ್ಟು ಒಂದು ಹಾಳೆಯಲ್ಲಿ ಬರೆದುಕೊಂಡರು. ಪಂಚಾಯಿತಿಯ ಚೀಟಿ ಬೆವರಿಗೆ ಮೆತ್ತಗಾಗಿತ್ತು. ಅದನ್ನು ಫ್ಯಾನಿನ ಕೆಳಗೆ ಇಟ್ಟು ಒಣಗಿಸಿದರು. ಮುಂದಿನ ಸಲ ಬೊರಿವಲಿಯ ಕಾನ್ಹೇರಿ ಗುಹೆಗಳಿಗೆ ಹೋಗುವುದೆಂದು ತೀರ್ಮಾನ ಆಗಿದೆ. ಅಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಶಾಸನಗಳಿವೆ, ನೋಡದೆ ಇರಬಾರದು. ಆದರೆ ಗುಹೆಗಳಿರುವುದು ರಾಷ್ಟ್ರೀಯ ಉದ್ಯಾನದ ಒಳಗೆ. ಕಾಡಿಗೆ ಅರಣ್ಯ ಇಲಾಖೆಯ ಟಿಕೆಟ್, ಕಲ್ಲಿಗೆ ಪುರಾತತ್ವ ಇಲಾಖೆಯ ಟಿಕೆಟ್. ಎರಡು ಚೀಟಿ ಎಂದು ಭಾವನಿಗೆ ಈಗಲೇ ಹೇಳಿಟ್ಟಿದ್ದೇನೆ. ಗೇಟಿನಿಂದ ಗುಹೆಯವರೆಗಿನ ಬಸ್ಸಿನದ್ದು ಇನ್ನೂ ಹೇಳಿಲ್ಲ.